ಮೂತ್ರಪಿಂಡದ ಕಲ್ಲನ್ನು ಧ್ವನಿ ತಳ್ಳುವುದು ಹೇಗೆ?

ಮೂತ್ರಪಿಂಡದ ಕಲ್ಲಿಗೆ ಚಿಕಿತ್ಸೆ ಎಂದೊಡನೆ ನಮಗೆ ಹೊಳೆಯುವುದು ಕಲ್ಲನ್ನು ಒಡೆಯುವುದು, ಇಲ್ಲವೇ ತೆಗೆಯುವುದು. ಒಡೆದ ಮೇಲೆ ಚೂರುಗಳ ಗತಿ ಏನು ಎಂಬುದರ ಕಡೆಗೆ ಗಮನ ಹೋಗುವುದು ಕಡಿಮೆ. ದೇಹದ ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ಕಲ್ಲನ್ನು ಪುಡಿ ಮಾಡುವ ವಿಧಾನವನ್ನು ಮನುಷ್ಯರ ಮೇಲೆ ಮೊದಲು ಬಳಸಿದ್ದು 1980ರ ಫೆಬ್ರುವರಿಯಲ್ಲಿ, ಜರ್ಮನಿಯ ಮ್ಯೂನಿಕ್ ನಗರದಲ್ಲಿ. ಅಂದಿನಿಂದ ಇಂದಿನವರೆಗೂ ಆ ವಿಧಾನದ ಕೊನೆಯ ಹಂತವನ್ನು ವೈದ್ಯರು ಪ್ರಕೃತಿಗೇ ಬಿಟ್ಟಿದ್ದಾರೆ: ಚೂರುಗಳು ಮೂತ್ರದ ಜೊತೆ ತಾವಾಗಿಯೇ ಹರಿದು ಹೋಗಬೇಕು. ಬಹಳಷ್ಟು ಹೋಗುತ್ತವೆ, ಕೆಲವು ಉಳಿಯುತ್ತವೆ. ಮೂತ್ರಪಿಂಡದೊಳಗೆ ಮೂತ್ರ ಮೊದಲು ಬಂದು ಸೇರುವ ಪುಟ್ಟ ಬಟ್ಟಲುಗಳಿವೆ. ಅವೆಲ್ಲ ನಡುವಿನ ಆಲಿಕೆಯಂಥ ಭಾಗಕ್ಕೆ ತೆರೆದುಕೊಳ್ಳುತ್ತವೆ, ಆ ಆಲಿಕೆಯ ತುದಿಯಿಂದ ಮೂತ್ರನಾಳ ಹೊರಟು ಮೂತ್ರಕೋಶಕ್ಕೆ ಇಳಿಯುತ್ತದೆ. ತೊಡಕಿರುವುದು ಅತ್ಯಂತ ಕೆಳಗಿನ ಬಟ್ಟಲಿನಲ್ಲಿ. ಅದರ ಬಾಯಿ ಮೇಲ್ಮುಖವಾಗಿರುವುದರಿಂದ, ಚೊಂಬಿನ ತಳದಲ್ಲಿ ಮರಳು ಕೂತಂತೆ ಚೂರುಗಳು ಅಲ್ಲಿ ಕೂತುಬಿಡುತ್ತವೆ. ಮೂರು ಮಿಲಿಮೀಟರಿನ ಚೂರು ಮೂತ್ರನಾಳದಲ್ಲಿ ಸಾಮಾನ್ಯವಾಗಿ ಸಲೀಸಾಗಿ ಇಳಿದು ಹೋಗಬಲ್ಲದು, ಆದರೆ ಅದು ನಾಳದ ಬಾಯಿಯನ್ನು ತಲುಪುವುದೇ ಇಲ್ಲ. ಅದರ ಗಾತ್ರದಲ್ಲಿ ದೋಷವಿಲ್ಲ, ಕೂತ ಜಾಗದಲ್ಲಿದೆ. ಮುಂದೆ ಅದೇ ಚೂರಿನ ಸುತ್ತ ಲವಣ ಹರಳುಗಟ್ಟಿ ಹೊಸ ಕಲ್ಲು ಬೆಳೆಯುತ್ತದೆ.

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಮೈಕೆಲ್ ಬೈಲಿ ಮತ್ತು ಅವರ ಸಂಗಡಿಗರು, ಅದೇ ವಿಶ್ವವಿದ್ಯಾಲಯದ ಮೂತ್ರರೋಗ ತಜ್ಞರ ಜೊತೆಗೂಡಿ, ಹದಿನೈದು ವರ್ಷಗಳಿಗೂ ಮಿಕ್ಕಿ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದಾರೆ: ಚರ್ಮವನ್ನು ಕೊಯ್ಯದೆ, ದೇಹದೊಳಕ್ಕೆ ಏನನ್ನೂ ತೂರಿಸದೆ, ಸ್ಕ್ಯಾನಿಂಗ್‌ಗೆ ಬಳಸುವಂಥದೇ ಶ್ರವಣಾತೀತ ಧ್ವನಿಯಿಂದ (ಅಲ್ಟ್ರಾಸೌಂಡ್) ಆ ಚೂರನ್ನು ಬಟ್ಟಲಿನಿಂದ ಎಬ್ಬಿಸಿ ನಾಳದ ಬಾಯಿಗೆ ಸರಿಸಲು ಸಾಧ್ಯವೇ? ಸಾಧ್ಯ ಎಂಬುದು ಈಗ ಮನುಷ್ಯರಲ್ಲೇ ಸಾಬೀತಾಗಿದೆ. ಅದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ತಿಳಿಯಲು ಹೈಸ್ಕೂಲಿನ ಭೌತವಿಜ್ಞಾನಕ್ಕಿಂತ ತುಸುವೇ ಹೆಚ್ಚು ಸಾಕು.

ಮೊದಲಿಗೆ ಏಳುವ ಸಂದೇಹ ನ್ಯಾಯವಾದದ್ದೇ. ಧ್ವನಿ ಎಂದರೆ ಕಂಪನ. ಅದು ಒಂದು ಗಳಿಗೆ ಮುಂದಕ್ಕೆ ಒತ್ತಿ ಮರುಗಳಿಗೆಯೇ ಹಿಂದಕ್ಕೆ ಎಳೆಯುತ್ತದೆ. ಸೆಕೆಂಡಿಗೆ ಲಕ್ಷಾಂತರ ಬಾರಿ ಹೀಗೆ ಅತ್ತಿತ್ತ ಆದರೂ ಕೂಡಿಸಿ ಕಳೆದರೆ ಉಳಿಯಬೇಕಾದದ್ದು ಸೊನ್ನೆಯಲ್ಲವೇ? ಕೆರೆಯ ಅಲೆಯ ಮೇಲೆ ಬಿದ್ದ ತರಗೆಲೆಯನ್ನು ನೆನೆಸಿಕೊಳ್ಳಿ. ಅಲೆ ಅದರಡಿಯಲ್ಲಿ ಹಾದು ಹೋದರೂ ಎಲೆ ಹೆಚ್ಚುಕಡಿಮೆ ಇದ್ದಲ್ಲೇ ಏರಿ ಇಳಿಯುತ್ತಿರುತ್ತದೆ. ಆದರೆ ಅದೇ ಅಲೆ ಕೆರೆಯ ಏರಿಗೆ ಬಡಿದಾಗ ಏರಿಯ ಕಲ್ಲುಗಳ ಮೇಲೆ ಬೀಳುವ ನೂಕು ನಿಜವಾದದ್ದು; ವರ್ಷಗಟ್ಟಲೆ ಬಡಿದರೆ ಮಣ್ಣು ಕೊಚ್ಚಿಹೋಗುತ್ತದೆ. ಎಲೆಗೂ ಏರಿಗೂ ಇರುವ ವ್ಯತ್ಯಾಸ ಇಷ್ಟೇ: ಎಲೆ ಅಲೆಯನ್ನು ತಡೆಯುವುದಿಲ್ಲ, ಏರಿ ತಡೆಯುತ್ತದೆ.

ಅಲೆ ಶಕ್ತಿಯನ್ನು ಹೊತ್ತು ಸಾಗುತ್ತದೆ. ಶಕ್ತಿಯ ಜೊತೆಗೆ ಸಂವೇಗವನ್ನೂ ಹೊತ್ತು ಸಾಗುತ್ತದೆ. ಬೆಳಕಿಗೂ ಇದು ಸಲ್ಲುತ್ತದೆ, ಧ್ವನಿಗೂ ಸಲ್ಲುತ್ತದೆ. ಧ್ವನಿಗೆ ಸಂಬಂಧಿಸಿದ ಲೆಕ್ಕವನ್ನು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲೇ ಇಂಗ್ಲೆಂಡಿನ ಲಾರ್ಡ್ ರ‍್ಯಾಲಿ ಮಾಡಿಟ್ಟಿದ್ದರು. ಅಲೆ ಒಂದು ವಸ್ತುವಿನ ಮೂಲಕ ಅಡೆತಡೆಯಿಲ್ಲದೆ ಹಾದು ಹೋದರೆ ಅದರ ಸಂವೇಗ ಅದರ ಬಳಿಯೇ ಉಳಿಯುತ್ತದೆ. ವಸ್ತು ಅಲೆಯನ್ನು ಹೀರಿಕೊಂಡರೆ ಆ ಸಂವೇಗವೆಲ್ಲ ವಸ್ತುವಿಗೆ ಸೇರುತ್ತದೆ. ಬಂದ ದಾರಿಯಲ್ಲೇ ಹಿಂದಿರುಗಿಸಿದರೆ, ಗೋಡೆಗೆ ಬಡಿದು ಪುಟಿಯುವ ಚೆಂಡಿನ ಹಾಗೆ, ಅದರ ಎರಡರಷ್ಟು ಸೇರುತ್ತದೆ. ಕಂಪನದ ಹಿಂದು-ಮುಂದುಗಳು ಒಂದನ್ನೊಂದು ಹೊಡೆದುಹಾಕಿದ ಮೇಲೂ ಉಳಿಯುವ ಈ ಸಣ್ಣ ಶೇಷವೇ, ಅಲೆ ಸಾಗುವ ದಿಕ್ಕಿಗೇ ಬೀಳುವ ಈ ಸ್ಥಿರವಾದ ನೂಕುಬಲವೇ, ಕಲ್ಲನ್ನು ಸರಿಸುತ್ತದೆ.

ಹಾಗಾದರೆ ದಾರಿಯಲ್ಲಿ ಸಿಗುವ ಚರ್ಮ, ಕೊಬ್ಬು, ಸ್ನಾಯು, ಮೂತ್ರಪಿಂಡದ ಮಾಂಸ ಇವನ್ನು ಬಿಟ್ಟು ಕಲ್ಲನ್ನೇ ಅದು ಏಕೆ ತಳ್ಳಬೇಕು? ಅಲೆ ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ಹಿಂದಿರುಗುತ್ತದೆ ಎಂಬುದನ್ನು ನಿರ್ಧರಿಸುವುದು ಆ ಮಾಧ್ಯಮಗಳ ಸಾಂದ್ರತೆ ಮತ್ತು ಅವುಗಳಲ್ಲಿ ಧ್ವನಿಯ ವೇಗ, ಇವೆರಡರ ಗುಣಲಬ್ಧ. ನೀರಿನಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಸಾಗುತ್ತದೆ. ಮೂತ್ರದಲ್ಲೂ ಮೃದು ಅಂಗಾಂಶಗಳಲ್ಲೂ ಈ ಸಂಖ್ಯೆ ಹೆಚ್ಚು ಬದಲಾಗುವುದಿಲ್ಲ, ಅವುಗಳ ಸಾಂದ್ರತೆಯೂ ನೀರಿನ ಆಸುಪಾಸಿನಲ್ಲೇ ಇದೆ. ಹಾಗಾಗಿ ಧ್ವನಿಯ ಮಟ್ಟಿಗೆ ನಮ್ಮ ದೇಹದ ಬಹುಭಾಗ ಒಂದೇ ನೀರಿನ ಚೀಲವಿದ್ದಂತೆ. ಮೂತ್ರಪಿಂಡದಲ್ಲಿ ಸಾಮಾನ್ಯವಾಗಿ ಕಾಣಸಿಗುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲಿನ ಕತೆ ಬೇರೆ. ಅದರ ಸಾಂದ್ರತೆ ನೀರಿನ ಸುಮಾರು ಎರಡು ಪಟ್ಟು, ಅದರಲ್ಲಿ ಧ್ವನಿ ಓಡುವುದು ಸೆಕೆಂಡಿಗೆ ಸುಮಾರು 4000 ಮೀಟರ್ ವೇಗದಲ್ಲಿ. ಎರಡನ್ನೂ ಗುಣಿಸಿದರೆ ನೀರಿನ ಐದು ಪಟ್ಟಿಗೂ ಮೀರಿದ ಸಂಖ್ಯೆ ಬರುತ್ತದೆ; ನೇರವಾಗಿ ಬಿದ್ದ ಅಲೆಯ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಲ್ಲಿನ ಮೈಯಿಂದಲೇ ಹಿಂದಿರುಗುತ್ತದೆ, ಒಳಹೊಕ್ಕದ್ದರಲ್ಲೂ ಒಂದಷ್ಟು ಅಲ್ಲೇ ಹೀರಲ್ಪಡುತ್ತದೆ. ಅಂಗಾಂಶ ತರಗೆಲೆಯಾದರೆ ಕಲ್ಲು ಏರಿ. ಸ್ಕ್ಯಾನಿಂಗ್ ಪರದೆಯ ಮೇಲೆ ಕಲ್ಲು ಬೆಳ್ಳಗೆ ಹೊಳೆದು ಅದರ ಹಿಂದೆ ಕಪ್ಪು ನೆರಳು ಚಾಚಿಕೊಳ್ಳುವುದಕ್ಕೂ ಇದೇ ಕಾರಣ. ಕಲ್ಲನ್ನು ತೋರಿಸಿಕೊಡುವ ಗುಣವೇ ಅದನ್ನು ತಳ್ಳಲೂ ನೆರವಾಗುತ್ತದೆ.

ಈಗ ನನಗೆ ಈ ವಿಷಯದಲ್ಲಿ ಅತ್ಯಂತ ಪ್ರಿಯವಾದ ಲೆಕ್ಕಕ್ಕೆ ಬರುತ್ತೇನೆ. ಧ್ವನಿಯನ್ನು ಪೂರ್ತಿಯಾಗಿ ಹೀರುವ ವಸ್ತುವಿನ ಮೇಲೆ ಬೀಳುವ ಬಲವನ್ನು ಕಂಡುಹಿಡಿಯಲು ಧ್ವನಿಯ ಸಾಮರ್ಥ್ಯವನ್ನು ಧ್ವನಿಯ ವೇಗದಿಂದ ಭಾಗಿಸಿದರೆ ಆಯಿತು. ನೀರಿನಲ್ಲಿ 1 ವ್ಯಾಟ್ ಧ್ವನಿಗೆ ಇದು ಒಂದು ನ್ಯೂಟನ್ನಿನ 1500ನೆಯ ಒಂದು ಭಾಗ. ತಕ್ಕಡಿಯ ಭಾಷೆಯಲ್ಲಿ ಹೇಳುವುದಾದರೆ ಸುಮಾರು 68 ಮಿಲಿಗ್ರಾಂ ತೂಕ. ಅಲ್ಟ್ರಾಸೌಂಡ್ ಯಂತ್ರಗಳು ಎಷ್ಟು ಸಾಮರ್ಥ್ಯದ ಧ್ವನಿಯನ್ನು ಹೊರಸೂಸುತ್ತವೆ ಎಂಬುದನ್ನು ಪ್ರಯೋಗಾಲಯಗಳಲ್ಲಿ ಅಳೆಯುವುದೂ ಹೀಗೆಯೇ: ನೀರಿನಲ್ಲಿ ಮುಳುಗಿಸಿದ ಗುರಿಯ ಮೇಲೆ ಧ್ವನಿಯನ್ನು ಬೀಳಿಸಿ, ಸೂಕ್ಷ್ಮ ತಕ್ಕಡಿಯಲ್ಲಿ ಅದರ ನೂಕನ್ನು ತೂಗುತ್ತಾರೆ. ಅರವತ್ತೆಂಟು ಮಿಲಿಗ್ರಾಂ ಎಂದರೆ ಏನೇನೂ ಅಲ್ಲ ಎನಿಸುತ್ತದೆ. ಆದರೆ ಕಲ್ಲನ್ನೂ ತೂಗಿ ನೋಡೋಣ. ಐದು ಮಿಲಿಮೀಟರ್ ಅಡ್ಡಗಲದ, ಹೆಚ್ಚುಕಡಿಮೆ ಕಡಲೆ ಕಾಳಿನಷ್ಟು ದಪ್ಪದ ಗುಂಡನೆಯ ಕಲ್ಲೊಂದಿದೆ ಎಂದಿಟ್ಟುಕೊಳ್ಳಿ. ಅದರ ಗಾತ್ರ ಒಂದು ಘನ ಸೆಂಟಿಮೀಟರಿನ ಹದಿನೈದನೆಯ ಒಂದು ಭಾಗ, ಅಂಗೈಯ ಮೇಲೆ ಅದರ ತೂಕ ಸುಮಾರು 130 ಮಿಲಿಗ್ರಾಂ. ಮೂತ್ರದಲ್ಲಿ ಮುಳುಗಿರುವಾಗ ಅದು ಪಕ್ಕಕ್ಕೆ ಸರಿಸಿದ ದ್ರವದ ತೂಕವನ್ನು ಕಳೆಯಬೇಕು. ಉಳಿಯುವುದು 65 ಮಿಲಿಗ್ರಾಂ. ಅಂದರೆ ಒಬ್ಬ ಮನುಷ್ಯನನ್ನು ನೋವಿನಿಂದ ನೆಲಕ್ಕುರುಳಿಸಬಲ್ಲ ಕಲ್ಲನ್ನು ಅದು ಮಲಗಿರುವ ಜಾಗದಲ್ಲಿ ತೇಲಿಸಿ ಹಿಡಿಯಲು ಬೇಕಾದ ಬಲವನ್ನು, ಅದರ ಮೇಲೆ ಬೀಳುವ ಒಂದೇ ಒಂದು ವ್ಯಾಟ್ ಧ್ವನಿ ಒದಗಿಸಬಲ್ಲದು.

ತೇಲಿಸಿದರೆ ಸಾಲದು, ಸರಿಸಬೇಕು. ಕಲ್ಲು ಒಳಪೊರೆಗೆ ತುಸು ಅಂಟಿಕೊಂಡಿರುತ್ತದೆ, ಬಟ್ಟಲಿನ ಕತ್ತು ಇಕ್ಕಟ್ಟಾಗಿರುತ್ತದೆ. ಅಲೆಯ ತೀವ್ರತೆಯನ್ನು ಕಲ್ಲಿರುವ ಜಾಗದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 40 ವ್ಯಾಟ್‌ನಷ್ಟು ಇಟ್ಟರೆ, ಮೇಲೆ ಹೇಳಿದ ಐದು ಮಿಲಿಮೀಟರ್ ಕಲ್ಲಿನ ಮುಖಕ್ಕೆ ಸುಮಾರು 8 ವ್ಯಾಟ್ ಬೀಳುತ್ತದೆ. ಮುಳುಗಿದ ಕಲ್ಲಿನ ತೂಕದ ಎಂಟು ಪಟ್ಟಿನಷ್ಟು ಬಲ ಸಿಗುತ್ತದೆ. ಕಲ್ಲು ಚಿಕ್ಕದಾದಂತೆ ಕೆಲಸ ಸುಲಭವಾಗಬೇಕು, ಏಕೆಂದರೆ ತೂಕ ಅಡ್ಡಗಲದ ಘನಕ್ಕೆ ತಕ್ಕಂತೆ ಇಳಿದರೆ ಅಲೆಗೆ ಒಡ್ಡಿಕೊಳ್ಳುವ ಮುಖ ವರ್ಗಕ್ಕೆ ತಕ್ಕಂತೆ ಮಾತ್ರ ಇಳಿಯುತ್ತದೆ. ಈ ಅನುಕೂಲ ಒಂದು ಮಿತಿಯವರೆಗೆ ಮಾತ್ರ ನಡೆಯುತ್ತದೆ, ಆ ಮಿತಿಯನ್ನು ಹಾಕುವುದು ಧ್ವನಿಯ ತರಂಗದೂರ.

ಆವೃತ್ತಿಯ ಆಯ್ಕೆಯಲ್ಲಿ ಈ ತಂತ್ರದ ನಿಜವಾದ ಇಕ್ಕಟ್ಟು ಇದೆ. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬಳಸುವುದು ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಸ್. ಮೃದು ಅಂಗಾಂಶದಲ್ಲಿ ಧ್ವನಿ ಕ್ಷೀಣಿಸುವ ಪ್ರಮಾಣ ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸ್‌ಗೆ ಸುಮಾರು ಅರ್ಧ ಡೆಸಿಬೆಲ್; ಹತ್ತು ಡೆಸಿಬೆಲ್ ಕ್ಷೀಣಿಸಿತು ಎಂದರೆ ಧ್ವನಿಯ ಶಕ್ತಿ ಹತ್ತನೆಯ ಒಂದು ಭಾಗಕ್ಕೆ ಇಳಿಯಿತು ಎಂದರ್ಥ. ಕಲ್ಲು 10 ಸೆಂಟಿಮೀಟರ್ ಆಳದಲ್ಲಿದ್ದರೆ 2 ಮೆಗಾಹರ್ಟ್ಸ್ ಧ್ವನಿಯಲ್ಲಿ ಹತ್ತನೆಯ ಒಂದು ಭಾಗ ಮಾತ್ರ ಅಲ್ಲಿಗೆ ತಲುಪುತ್ತದೆ. ಉಳಿದ ಒಂಬತ್ತು ಪಾಲಿನ ಬಹುಭಾಗ ದಾರಿಯಲ್ಲೇ ಶಾಖವಾಗುತ್ತದೆ. ಆವೃತ್ತಿಯನ್ನು 350 ಕಿಲೋಹರ್ಟ್ಸ್‌ಗೆ ಇಳಿಸಿದರೆ ಮೂರರಲ್ಲಿ ಎರಡು ಪಾಲು ಕಲ್ಲನ್ನು ಮುಟ್ಟುತ್ತದೆ. ಆದರೆ ಆವೃತ್ತಿ ಇಳಿದಂತೆ ತರಂಗದೂರ ಹಿಗ್ಗುತ್ತದೆ: 2 ಮೆಗಾಹರ್ಟ್ಸ್‌ನಲ್ಲಿ ಮುಕ್ಕಾಲು ಮಿಲಿಮೀಟರ್ ಇದ್ದದ್ದು 350 ಕಿಲೋಹರ್ಟ್ಸ್‌ನಲ್ಲಿ ನಾಲ್ಕು ಮಿಲಿಮೀಟರ್ ದಾಟುತ್ತದೆ. ತರಂಗದೂರಕ್ಕಿಂತ ಬಹಳ ಚಿಕ್ಕದಾದ ವಸ್ತುವನ್ನು ಅಲೆ ಬಳಸಿಕೊಂಡು ಹೋಗಿಬಿಡುತ್ತದೆ; ಅಲ್ಲಿ ಏರಿಯೂ ತರಗೆಲೆಯೇ. ಒಂದು ಮಿಲಿಮೀಟರಿನ ಪುಡಿಯನ್ನು ತಳ್ಳಲು ಹೆಚ್ಚಿನ ಆವೃತ್ತಿ ಮೇಲು, ಆಳದಲ್ಲಿರುವ ಐದಾರು ಮಿಲಿಮೀಟರಿನ ಕಲ್ಲನ್ನು ತಳ್ಳಲು ಕಡಿಮೆ ಆವೃತ್ತಿ ಮೇಲು. ಸಿಯಾಟಲ್ ತಂಡದ ಆರಂಭದ ಉಪಕರಣಗಳು ಸ್ಕ್ಯಾನಿಂಗ್ ಪ್ರೋಬನ್ನೇ (ಮೈಗೆ ಒತ್ತಿ ಹಿಡಿಯುವ, ಧ್ವನಿಯನ್ನು ಹೊರಸೂಸುವ ಸಾಧನ) ಬಳಸಿಕೊಂಡು 2 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತಿದ್ದವು. ಮುಂದೆ ಅವರು 350 ಕಿಲೋಹರ್ಟ್ಸ್‌ನ ಪ್ರತ್ಯೇಕ ಪ್ರೋಬಿಗೆ ಬಂದದ್ದರ ಹಿಂದೆ ಈ ಲೆಕ್ಕದ ಒತ್ತಾಯ ಎದ್ದು ಕಾಣುತ್ತದೆ.

ಕಡಿಮೆ ಆವೃತ್ತಿಯಿಂದ ಇನ್ನೊಂದು ಲಾಭವೂ ಇದೆ. ಭೂತಗನ್ನಡಿ ಬಿಸಿಲನ್ನು ಕೂಡಿಸುವಂತೆ ಬಾಗಿದ ಪ್ರೋಬು ಧ್ವನಿಯನ್ನು ಒಂದು ಕಡೆ ಕೂಡಿಸುತ್ತದೆ, ಆದರೆ ಯಾವ ಅಲೆಯನ್ನೂ ಅದರ ತರಂಗದೂರಕ್ಕಿಂತ ತೀರಾ ಕಿರಿದಾದ ಬಿಂದುವಿಗೆ ಕೂಡಿಸಲಾಗದು. ನಾಲ್ಕು ಮಿಲಿಮೀಟರಿನ ತರಂಗದೂರವಿದ್ದರೆ ಅಲೆಯ ಕಟ್ಟು ಕಲ್ಲಿಗಿಂತ ಅಗಲವಾಗಿರುತ್ತದೆ. ಮೇಲ್ನೋಟಕ್ಕೆ ಇದು ದುಂದು. ಆದರೆ ಉಸಿರಾಟದ ಜೊತೆಗೆ ಮೂತ್ರಪಿಂಡ ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಜಾರುತ್ತಲೇ ಇರುತ್ತದೆ ಎಂಬುದನ್ನು ನೆನೆದರೆ, ಸೂಜಿಯ ಮೊನೆಯಂಥ ಕಟ್ಟಿಗಿಂತ ಅಂಗೈಯಂಥ ಕಟ್ಟು ಎಷ್ಟು ಉಪಕಾರಿ ಎಂಬುದು ತಿಳಿಯುತ್ತದೆ. ತಳ್ಳಿಸಿಕೊಂಡ ಕಲ್ಲು ತುಸು ಅತ್ತಿತ್ತ ಸರಿದರೂ ಅಲೆಯ ಒಳಗೇ ಉಳಿದು ಮುಂದೆ ಸಾಗುತ್ತದೆ.

ಅಪಾಯದ ಪ್ರಶ್ನೆಗೂ ಸಂಖ್ಯೆಗಳಲ್ಲೇ ಉತ್ತರಿಸಬೇಕು. ಸ್ಕ್ಯಾನಿಂಗ್ ಯಂತ್ರಗಳಿಗೆ ಅಮೆರಿಕದಲ್ಲಿ ವಿಧಿಸಿರುವ ಮಿತಿ, ಸಮಯದ ಮೇಲೆ ಹರಡಿದ ಸರಾಸರಿ ಲೆಕ್ಕದಲ್ಲಿ, ಪ್ರತಿ ಚದರ ಸೆಂಟಿಮೀಟರಿಗೆ 0.72 ವ್ಯಾಟ್. ಮೇಲೆ ಹೇಳಿದ 40 ವ್ಯಾಟ್ ಅದನ್ನು ಎಷ್ಟೋ ಪಟ್ಟು ಮೀರುತ್ತದೆ. ಆದರೆ ಈ ನೂಕು ಕೆಲವು ಸೆಕೆಂಡುಗಳ ಮಟ್ಟಿಗೆ ಮಾತ್ರ. ಅದಾದ ಮೇಲೆ ಬಿಡುವು. ಕ್ಷೀಣಿಸಿದ ಧ್ವನಿಯೆಲ್ಲ ಶಾಖವಾಗುತ್ತದೆ, ರಕ್ತ ಆ ಶಾಖವನ್ನು ಸ್ವಲ್ಪವೂ ಒಯ್ಯುವುದಿಲ್ಲ ಎಂದು ಭಾವಿಸಿ ಲೆಕ್ಕ ಹಾಕಿದರೂ, 350 ಕಿಲೋಹರ್ಟ್ಸ್‌ನಲ್ಲಿ ಮೂರು ಸೆಕೆಂಡಿನ ನೂಕಿಗೆ ಅಂಗಾಂಶದ ಉಷ್ಣತೆ ಏರುವುದು ಒಂದು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ. ಅದೇ ತೀವ್ರತೆಯ 2 ಮೆಗಾಹರ್ಟ್ಸ್ ಧ್ವನಿಗೆ ಈ ಏರಿಕೆ ಏಳು ಡಿಗ್ರಿಯಷ್ಟಾಗುತ್ತದೆ. ಒತ್ತಡದ ದೃಷ್ಟಿಯಿಂದಲೂ ನೋಡಬೇಕು: 40 ವ್ಯಾಟ್ ತೀವ್ರತೆಯ ಅಲೆಯಲ್ಲಿ ಒತ್ತಡದ ಏರಿಳಿತ ಸುಮಾರು 11 ವಾತಾವರಣಗಳಷ್ಟು, ಕಲ್ಲು ಒಡೆಯುವ ಆಘಾತ ತರಂಗಗಳಲ್ಲಿ ಅದು ನೂರಾರು ವಾತಾವರಣಗಳಷ್ಟು. ಒಡೆಯುವುದಕ್ಕೆ ಬೇಕಾದದ್ದು ಕ್ಷಣಮಾತ್ರದ ಭಾರೀ ಒತ್ತಡ, ಸರಿಸುವುದಕ್ಕೆ ಬೇಕಾದದ್ದು ತುಸು ಹೊತ್ತು ನಿಲ್ಲುವ ಮೃದುವಾದ ಒತ್ತಡ. ಸುತ್ತಿಗೆ ಏಟಿಗೂ ಅಂಗೈ ನೂಕಿಗೂ ಇರುವ ಅಂತರ ಇದು, ಮತ್ತು ಇದಕ್ಕಾಗಿಯೇ ಅರಿವಳಿಕೆಯಿಲ್ಲದೆ, ಎಚ್ಚರವಾಗಿರುವ ರೋಗಿಯ ಮೇಲೆ ಈ ಚಿಕಿತ್ಸೆ ಮಾಡಬಹುದಾಗಿದೆ.

ಕೊಠಡಿಯಲ್ಲಿ ನಡೆಯುವುದು ಹೀಗೆ. ರೋಗಿ ಮಂಚದ ಮೇಲೆ ಮಗ್ಗುಲಾಗಿ ಮಲಗುತ್ತಾರೆ, ಪಕ್ಕೆಗೆ ಸ್ಕ್ಯಾನಿಂಗ್‌ನಲ್ಲಿ ಹಚ್ಚುವ ಅದೇ ತಣ್ಣನೆಯ ಜೆಲ್ ಹಚ್ಚಲಾಗುತ್ತದೆ. ಜೆಲ್ ಇಲ್ಲದಿದ್ದರೆ ಪ್ರೋಬು ಮತ್ತು ಚರ್ಮದ ನಡುವಿನ ಕೂದಲೆಳೆಯಷ್ಟು ಗಾಳಿಯೇ ಧ್ವನಿಯನ್ನೆಲ್ಲ ಹಿಂದಕ್ಕೆ ಅಟ್ಟಿಬಿಡುತ್ತದೆ. ಪರದೆಯ ಮೇಲೆ ಕಲ್ಲನ್ನು ಹುಡುಕುವಾಗ ಒಂದು ಸೊಗಸಾದ ವಿದ್ಯಮಾನ ನೆರವಿಗೆ ಬರುತ್ತದೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಕ್ರಮದಲ್ಲಿಟ್ಟರೆ, ಕದಲದೆ ಕೂತಿರುವ ಕಲ್ಲು ಕೂಡ ಕೆಂಪು, ನೀಲಿ ಚುಕ್ಕಿಗಳಾಗಿ ಮಿನುಗುತ್ತದೆ. ಕಲ್ಲಿನ ಒರಟು ಮೈಯ ಬಿರುಕುಗಳಲ್ಲಿ ಸಿಕ್ಕಿಕೊಂಡ ಅತಿಸೂಕ್ಷ್ಮ ಅನಿಲದ ಗುಳ್ಳೆಗಳು ಧ್ವನಿಗೆ ಅಡ್ಡಾದಿಡ್ಡಿಯಾಗಿ ನಡುಗುವುದರಿಂದ ಈ ಮಿನುಗು ಬರುತ್ತದೆ ಎಂಬುದಕ್ಕೆ ಇದೇ ತಂಡದ ಪ್ರಯೋಗಗಳು ಬಲವಾದ ಪುರಾವೆ ಒದಗಿಸಿವೆ. ಮಿನುಗಿದ ಕಡೆಗೆ ಗುರಿಯಿಟ್ಟು ನೂಕು ಕೊಟ್ಟಾಗ, ನೆರಳು ಚಾಚಿ ಮಲಗಿದ್ದ ಬಿಳಿ ಚುಕ್ಕಿ ಒಮ್ಮೆ ಅಲುಗಿ, ತಳದಿಂದ ಎದ್ದು, ಉರುಳಿ ಬೇರೆಡೆ ಹೋಗಿ ಕೂರುವುದು ಪರದೆಯ ಮೇಲೆ ಆಗಿಂದಾಗಲೇ ಕಾಣುತ್ತದೆ. ಪ್ರಯೋಗಾಲಯದ ಕೃತಕ ಮೂತ್ರಪಿಂಡದಲ್ಲಿ ನಡೆಸಿದ ಆರಂಭದ ಪರೀಕ್ಷೆಗಳಲ್ಲಿ ಕಲ್ಲುಗಳು ಸೆಕೆಂಡಿಗೆ ಒಂದು ಸೆಂಟಿಮೀಟರಿನ ಆಸುಪಾಸಿನ ವೇಗದಲ್ಲಿ ಚಲಿಸಿದ್ದವು.

ಒಂದು ದೊಡ್ಡ ನಿರ್ಬಂಧವಿದೆ. ಸಾಮಾನ್ಯ ಅಲೆ ತನ್ನಿಂದ ದೂರಕ್ಕೆ ತಳ್ಳಬಲ್ಲದು, ತನ್ನೆಡೆಗೆ ಎಳೆದುಕೊಳ್ಳಲಾರದು, ಬದಿಗೂ ತಿರುಗಿಸಲಾರದು. ಆದ್ದರಿಂದ ಪ್ರೋಬು, ಕಲ್ಲು, ಬಟ್ಟಲಿನ ಬಾಯಿ ಈ ಮೂರೂ ಒಂದೇ ಸಾಲಿಗೆ ಬರುವಂಥ ಜಾಗವನ್ನು ರೋಗಿಯ ಮೈಮೇಲೆ ಹುಡುಕಬೇಕು. ಕೆಳಗಿನ ಬಟ್ಟಲಿನ ಕಲ್ಲಾದರೆ ಕೆಳಪಕ್ಕೆಯಿಂದ ತಲೆಯ ಕಡೆಗೆ ಮುಖ ಮಾಡಿ ತಳ್ಳಬೇಕು, ಅದೂ ಪಕ್ಕೆಲುಬನ್ನು ತಪ್ಪಿಸಿ, ಏಕೆಂದರೆ ಮೂಳೆ ಧ್ವನಿಯನ್ನು ತಡೆದು ತಾನು ಬಿಸಿಯಾಗುತ್ತದೆ. ರೋಗಿಯನ್ನು ಈ ಮಗ್ಗುಲಿಗೆ, ಆ ಮಗ್ಗುಲಿಗೆ ಹೊರಳಿಸಿ ಗುರುತ್ವವನ್ನೂ ಕೆಲಸಕ್ಕೆ ಹಚ್ಚುತ್ತಾರೆ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಅದನ್ನು ಹಿಡಿದವರ ಅಂಗರಚನೆಯ ತಿಳಿವಳಿಕೆ ಮತ್ತು ಕೈಯ ಹದ ಇಲ್ಲಿ ಬಹಳ ಮುಖ್ಯ ಎಂದು ನನ್ನ ಎಣಿಕೆ.

ಮನುಷ್ಯರಲ್ಲಿ ನಡೆಸಿದ ಮೊದಲ ಪರೀಕ್ಷೆಯ ವಿವರ 2016ರಲ್ಲಿ ಪ್ರಕಟವಾಯಿತು. ಹದಿನೈದು ಜನರಲ್ಲಿ 14 ಮಂದಿಯ ಕಲ್ಲುಗಳು ಜಾಗ ಬಿಟ್ಟು ಕದಲಿದವು. ಹಿಂದೆ ಕಲ್ಲು ಒಡೆಸಿಕೊಂಡಿದ್ದ ಆರು ಜನರಲ್ಲಿ ನಾಲ್ವರು ಒಟ್ಟು ಮೂವತ್ತಕ್ಕೂ ಹೆಚ್ಚು ಚೂರುಗಳನ್ನು ಹೊರಹಾಕಿದರು. ಗುರಿಯಿಟ್ಟ 43 ಕಲ್ಲುಗಳಲ್ಲಿ ಮೂರು ಮಿಲಿಮೀಟರಿಗಿಂತ ಹೆಚ್ಚು ದೂರ ಹೋಗಿ ಹೊಸ ಜಾಗ ಸೇರಿದವು 13 ಮಾತ್ರ ಎಂಬುದನ್ನೂ ಹೇಳಬೇಕು. ಇಲ್ಲಿ ಒಂದು ಅನಿರೀಕ್ಷಿತ ಉಪಯೋಗವೂ ಕಂಡಿತು: ಕೆಲವರಲ್ಲಿ ಒಂದೇ ದೊಡ್ಡ ಕಲ್ಲು ಎಂದುಕೊಂಡದ್ದು ನೂಕಿದೊಡನೆ ಚದುರಿ, ತಾವಾಗಿಯೇ ಹೋಗಬಲ್ಲ ಸಣ್ಣ ಕಲ್ಲುಗಳ ಗುಂಪು ಎಂದು ತಿಳಿಯಿತು. 2022ರಲ್ಲಿ ಪ್ರಕಟವಾದ ಮತ್ತೊಂದು ವರದಿ ಮೂತ್ರನಾಳದಲ್ಲೇ ಕಲ್ಲು ಸಿಕ್ಕಿಕೊಂಡಿದ್ದ 29 ಜನರದ್ದು. ನೂಕಿನ ಜೊತೆಗೆ ಅಗತ್ಯವಿದ್ದವರಿಗೆ ಮೆಲುವಾದ ಅಲೆಗಳ ಸಣ್ಣ ಸಣ್ಣ ಕಂತೆಗಳಿಂದ ಕಲ್ಲನ್ನು ಸಡಿಲಿಸುವ ಹೊಸ ವಿಧಾನವನ್ನೂ ಬಳಸಲಾಯಿತು. ಕಲ್ಲು ಕದಲಿದ್ದು 19 ಜನರಲ್ಲಿ. ನಾಳದ ಕೆಳತುದಿಯಲ್ಲಿ ಕಲ್ಲಿದ್ದ 21 ಜನರಲ್ಲಿ 18 ಮಂದಿಗೆ ಸರಾಸರಿ ನಾಲ್ಕು ದಿನಗಳೊಳಗೆ ಅದು ಹೊರಬಿತ್ತು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಮಹತ್ವದ್ದೆನಿಸುವುದು 2024ರಲ್ಲಿ ಪ್ರಕಟವಾದ ಹೋಲಿಕೆಯ ಪರೀಕ್ಷೆ, ಏಕೆಂದರೆ ಕಲ್ಲು ಕದಲಿತೇ ಎಂಬುದನ್ನು ಬಿಟ್ಟು, ಕದಲಿಸಿದ್ದರಿಂದ ರೋಗಿಗೆ ಏನು ಸಿಕ್ಕಿತು ಎಂಬುದನ್ನು ಅದು ಕೇಳಿತು. ಹಿಂದಿನ ಚಿಕಿತ್ಸೆಯ ಚೂರುಗಳು ಉಳಿದುಕೊಂಡಿದ್ದ 82 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ನೂಕಿನ ಚಿಕಿತ್ಸೆ ಕೊಟ್ಟು ಇನ್ನೊಂದನ್ನು ಸುಮ್ಮನೆ ಗಮನಿಸುತ್ತಾ ಬರಲಾಯಿತು. ಕಲ್ಲು ಮತ್ತೆ ಬೆಳೆಯುವುದು, ತುರ್ತಾಗಿ ಆಸ್ಪತ್ರೆಗೆ ಓಡಬೇಕಾಗುವುದು ಅಥವಾ ಶಸ್ತ್ರಚಿಕಿತ್ಸೆ ಬೇಕಾಗುವುದು, ಇವುಗಳಲ್ಲಿ ಒಂದಾದರೂ ಆದದ್ದು ಚಿಕಿತ್ಸೆ ಪಡೆದವರಲ್ಲಿ ಐವರಲ್ಲಿ ಒಬ್ಬರಿಗೆ, ಪಡೆಯದವರಲ್ಲಿ ಇಬ್ಬರಲ್ಲಿ ಒಬ್ಬರಿಗೆ.

ಈ ಸಂಶೋಧನೆಗೆ ನೆರವು ಕೊಟ್ಟವರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಕೂಡ ಒಂದು. ತೂಕವಿಲ್ಲದ ಸ್ಥಿತಿಯಲ್ಲಿ ಗಗನಯಾತ್ರಿಗಳ ಮೂಳೆಯಿಂದ ಕ್ಯಾಲ್ಸಿಯಂ ಕರಗಿ ಮೂತ್ರ ಸೇರುವುದರಿಂದ ಅವರಿಗೆ ಕಲ್ಲಿನ ಅಪಾಯ ಹೆಚ್ಚು. ಮಂಗಳನ ದಾರಿಯಲ್ಲಿ ಒಬ್ಬರಿಗೆ ಮೂತ್ರನಾಳ ಕಟ್ಟಿದರೆ ಶಸ್ತ್ರಚಿಕಿತ್ಸಾ ಕೊಠಡಿ ಎಲ್ಲಿಯದು? ಸ್ಕ್ಯಾನಿಂಗ್ ಯಂತ್ರದಂಥ ಒಂದೇ ಸಾಧನ ಕಲ್ಲನ್ನು ಹುಡುಕಿ, ಅದನ್ನು ಸರಿಸಲೂ ಬಲ್ಲದಾದರೆ ಅವರಿಗೆ ಅದಕ್ಕಿಂತ ಬೇಕಾದದ್ದಿಲ್ಲ.

ಬದಿಗೆ ತಿರುಗಿಸಲಾರದು ಎಂದು ಮೇಲೆ ಹೇಳಿದ ನಿರ್ಬಂಧವನ್ನು ಮೀರುವ ದಾರಿಯೂ ತೆರೆದುಕೊಂಡಿದೆ. ಒಂದೇ ಪ್ರೋಬಿನ ಬದಲು 256 ಪುಟ್ಟ ಧ್ವನಿಮೂಲಗಳನ್ನು ಜೋಡಿಸಿ, ಸುತ್ತಲೂ ಒಂದಾದ ಮೇಲೊಂದು ತುಸು ತಡವಾಗಿ ಕಂಪಿಸುವಂತೆ ಮಾಡಿದರೆ ಅಲೆ ಸುಳಿಯಾಗಿ ತಿರುಚಿಕೊಂಡು ಸಾಗುತ್ತದೆ. ಆ ಸುಳಿಯ ನಡುವೆ ಧ್ವನಿ ಬಹುತೇಕ ಇರುವುದೇ ಇಲ್ಲ, ಸುತ್ತ ಉಂಗುರದಂತೆ ಜೋರಾಗಿರುತ್ತದೆ. ಉಂಗುರದೊಳಗೆ ಸಿಕ್ಕ ವಸ್ತು ಯಾವ ಕಡೆಗೆ ಜಾರಲು ಹೋದರೂ ಆ ಕಡೆಯ ಗೋಡೆ ಅದನ್ನು ನಡುವಿಗೇ ನೂಕುತ್ತದೆ. ಉಂಗುರವನ್ನು ಸರಿಸಿದರೆ ವಸ್ತುವೂ ಜೊತೆಗೆ ಬರುತ್ತದೆ. 2020ರಲ್ಲಿ ಇದೇ ಸಿಯಾಟಲ್ ತಂಡ ಜೀವಂತ ಹಂದಿಗಳ ಮೂತ್ರಕೋಶದೊಳಗೆ ಮೂರು ಮಿಲಿಮೀಟರಿನ ಗಾಜಿನ ಗೋಲಿಗಳನ್ನು ಹೊರಗಿನಿಂದಲೇ ಹಿಡಿದು, ಮೊದಲೇ ಗೆರೆ ಹಾಕಿಕೊಂಡ ಹಾದಿಯಲ್ಲಿ ನಡೆಸಿ ತೋರಿಸಿತು. ಮೂತ್ರಕೋಶ ದ್ರವ ತುಂಬಿದ ವಿಶಾಲವಾದ ಕೋಣೆ, ಗೋಲಿ ನುಣುಪಾದ ಗುಂಡು. ಮೂತ್ರಪಿಂಡದ ಬಟ್ಟಲಾದರೋ ಇಕ್ಕಟ್ಟು, ಉಸಿರಿಗೆ ಸದಾ ಜಾರುವಂಥದ್ದು, ಪಕ್ಕೆಲುಬುಗಳ ಮರೆಯಲ್ಲಿರುವಂಥದ್ದು; ಅದರೊಳಗಿನ ಕಲ್ಲು ಎಲ್ಲ ಕಡೆ ಒರಟು. ಸುಳಿಯ ಉಂಗುರ ಪಕ್ಕೆಲುಬಿಗೆ ಒಂದು ಕಡೆ ತಾಗಿದರೂ ಸಾಕು, ಅಷ್ಟು ಗೋಡೆ ಕುಸಿದಂತಾಗಿ ಕಲ್ಲು ಅಲ್ಲಿಂದ ತಪ್ಪಿಸಿಕೊಳ್ಳುತ್ತದೆ.